ಮಣ್ಣು ಮುಚ್ಚುವ ಮೊದಲು: ಅನಿಲ ಕೊಳವೆ ಮಾರ್ಗಗಳ ಬೆಸುಗೆ ತಪಾಸಣೆಯ ಚರಿತ್ರೆ

ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿಯ ಕೆಲಸ ನಡೆದಾಗ ಶಿಕಾರಿಪುರ ತಾಲ್ಲೂಕಿನಲ್ಲೂ, ಮೂಡಿ ಏತ ನೀರಾವರಿಯ ಕೆಲಸ ನಡೆದಾಗ ಸೊರಬ ತಾಲ್ಲೂಕಿನಲ್ಲೂ ಊರ ಜನ ದೊಡ್ಡ ದೊಡ್ಡ ಪೈಪುಗಳನ್ನು ಕಂಡರು. ಕೆರೆಗಳನ್ನು ತುಂಬಿಸಲು ಬಂದ ಪೈಪುಗಳು ಅವು. ಇಂಥ ಕೆಲಸ ಎಲ್ಲೇ ನಡೆಯಲಿ, ಕಾಲುವೆಯಂತೆ ಅಗೆದ ಗುಂಡಿ, ಅದರ ದಂಡೆಯ ಮೇಲೆ ಸಾಲಾಗಿ ಮಲಗಿಸಿದ ಕೊಳವೆಗಳು, ಮುಖಕ್ಕೆ ಕಪ್ಪು ಗಾಜಿನ ಮರೆ ಹಿಡಿದು ಕಿಡಿ ಹಾರಿಸುವ ವೆಲ್ಡರ್ ಇದ್ದರೆ, ನೋಡಲು ನಾಲ್ಕು ಜನ ನಿಲ್ಲುವುದು ಸಹಜ. ಹಾಗೆ ನಿಂತವರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮಣ್ಣು ಮುಚ್ಚಿದ ಮೇಲೆ ಒಳಗೆ ಹೇಗಿದೆ ಅಂತ ಯಾರಿಗೆ ಗೊತ್ತಾಗುತ್ತೆ?"

ಸಾಧಾರಣವಾಗಿ ಕಾಣುವ ಈ ಪ್ರಶ್ನೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. ನೀರಿನ ಪೈಪು ಸೋರಿದರೆ ನೆಲ ಒದ್ದೆಯಾಗುತ್ತದೆ, ಕಣ್ಣಿಗೆ ಕಾಣುತ್ತದೆ, ರಿಪೇರಿ ಮಾಡಬಹುದು. ನೈಸರ್ಗಿಕ ಅನಿಲದ ಪೈಪು ಸೋರಿದರೆ ಕಣ್ಣಿಗೆ ಕಾಣುವುದಿಲ್ಲ. ಅನಿಲಕ್ಕೆ ಸ್ವಂತ ವಾಸನೆಯೂ ಇಲ್ಲ. ಒಂದು ಕಿಡಿ ಬಿದ್ದ ಮೇಲೆ ಮಾತ್ರ ಅದು ತನ್ನ ಇರವನ್ನು ತಿಳಿಸುತ್ತದೆ. ಆದುದರಿಂದ ಅನಿಲ ಕೊಳವೆಯ ಬೆಸುಗೆ ಸರಿ ಇದೆಯೋ ಇಲ್ಲವೋ ಎಂಬುದನ್ನು ಮಣ್ಣು ಮುಚ್ಚುವ ಮೊದಲೇ ತಿಳಿಯಬೇಕು. ಮನುಷ್ಯ ಅದನ್ನು ತಿಳಿಯಲು ಕಲಿತದ್ದು ಹೇಗೆ, ಆ ಕಲಿಕೆಗೆ ತೆತ್ತ ಬೆಲೆ ಎಷ್ಟು, ಆ ವಿದ್ಯೆ ಕರ್ನಾಟಕಕ್ಕೆ ಬಂದದ್ದು ಹೇಗೆ ಎಂಬುದನ್ನು ನಮ್ಮ ಸದಸ್ಯರ, ವಿಶೇಷವಾಗಿ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹಿರಿಯರ ತೂಬು, ಬಿಜಾಪುರದ ಗಂಜು

ನಮ್ಮ ಎರಡೂ ತಾಲ್ಲೂಕುಗಳು ಕೆರೆಗಳ ನಾಡು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಸಿದ್ಧ ಸ್ತಂಭ ಶಾಸನವು ಕದಂಬ ದೊರೆ ಕಾಕುತ್ಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು 5ನೇ ಶತಮಾನದ ಮಾತು. ಕೆರೆ ಕಟ್ಟಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಏರಿ ಎಷ್ಟೇ ಗಟ್ಟಿಯಾಗಿದ್ದರೂ ಅಪಾಯ ಹುಟ್ಟುವುದು ಎರಡು ವಸ್ತುಗಳು ಕೂಡುವ ಜಾಗದಲ್ಲಿ. ಮಣ್ಣಿನ ಏರಿಯೂ ಕಲ್ಲಿನ ತೂಬೂ ಸೇರುವಲ್ಲಿ ನೀರು ದಾರಿ ಹುಡುಕುತ್ತದೆ. ಮಳೆಗಾಲಕ್ಕೆ ಮುಂಚೆ ಏರಿ, ತೂಬು, ಕೋಡಿಗಳನ್ನು ನೋಡಿ ಬರುವ ರೂಢಿ ಹುಟ್ಟಿದ್ದು ಇದರಿಂದಲೇ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೂ ಒಂದು ಜಾಯಿಂಟ್ ತಪಾಸಣೆ.

ಕೊಳವೆಯಲ್ಲಿ ಒತ್ತಡದ ನೀರನ್ನು ಹರಿಸಿದ ಕನ್ನಡ ನಾಡಿನ ಹಳೆಯ ಉದಾಹರಣೆಗಳಲ್ಲಿ ಮುಖ್ಯವಾದುದು ಆದಿಲ್‌ಶಾಹಿಗಳ ಬಿಜಾಪುರ, ಅಂದರೆ ಇಂದಿನ ವಿಜಯಪುರ. ತೊರವಿಯಿಂದ ಸುರಂಗದ ಮೂಲಕವೂ, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ನಿರ್ಮಾಣವಾದ ಬೇಗಂ ತಾಲಾಬಿನಿಂದ ಸುಟ್ಟ ಮಣ್ಣಿನ ಕೊಳವೆಗಳ ಮೂಲಕವೂ ನೀರು ನಗರಕ್ಕೆ ಬರುತ್ತಿತ್ತು. ಒಂದು ಕೊಳವೆಯ ಬಾಯಿಯೊಳಗೆ ಇನ್ನೊಂದರ ತುದಿಯನ್ನು ಕೂರಿಸಿ, ಸುತ್ತ ಗಾರೆ ಹಾಕಿ ಬಿಗಿ ಮಾಡುತ್ತಿದ್ದರು. ದಾರಿಯಲ್ಲಿ ಅಲ್ಲಲ್ಲಿ ಗಂಜು ಎಂಬ ನೀರಿನ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯ ಒತ್ತಡ ಮಿತಿ ಮೀರಿ ಜಾಯಿಂಟು ಒಡೆಯದಂತೆ ನೋಡಿಕೊಳ್ಳುವುದೂ, ಹೂಳನ್ನು ತಡೆಯುವುದೂ ಅವುಗಳ ಕೆಲಸ. ವಿಜಯಪುರಕ್ಕೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಗೋಲ ಗುಮ್ಮಟವನ್ನು ನೋಡಿ ಬರುವಾಗ ಈ ಗಂಜುಗಳನ್ನೂ ನೋಡಿ ಬರಬೇಕು. ಜಾಯಿಂಟಿನ ಬಲ ಎಷ್ಟು ಎಂದು ಅರಿತು, ಒತ್ತಡವನ್ನು ಆ ಬಲದೊಳಗೇ ಇಟ್ಟ ಎಂಜಿನಿಯರುಗಳ ವಿವೇಕ ಅಲ್ಲಿ ಇಂದಿಗೂ ನಿಂತಿದೆ.

ಸೀಸದ ಜಾಯಿಂಟಿನಿಂದ ಬೆಸುಗೆಗೆ

ಮಣ್ಣಿನ ಕೊಳವೆಯ ನಂತರ ಬಂದದ್ದು ಬೀಡು ಕಬ್ಬಿಣದ ಕೊಳವೆ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪನೆಯಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಇಂಥ ಕೊಳವೆಗಳನ್ನು ಎರಕ ಹೊಯ್ಯುತ್ತಿತ್ತು. ಇವನ್ನು ಜೋಡಿಸಲು ಸೆಣಬಿನ ಹುರಿ ತುಂಬಿ, ಕರಗಿಸಿದ ಸೀಸ ಸುರಿದು, ಉಳಿಯಿಂದ ಬಡಿದು ಬಿಗಿ ಮಾಡುತ್ತಿದ್ದರು. ನೀರಿಗೆ ಅದು ಸಾಕು. ಹತ್ತಾರು ಪಟ್ಟು ಒತ್ತಡದಲ್ಲಿ ನೂರಾರು ಕಿಲೋಮೀಟರು ಸಾಗುವ ಅನಿಲಕ್ಕೆ ಸಾಲದು. ಅಲ್ಲಿ ಎರಡು ಕೊಳವೆಗಳು ಒಂದೇ ಕೊಳವೆಯಾಗಬೇಕು. ಅಂದರೆ ಲೋಹ ಕರಗಿ ಲೋಹದೊಡನೆ ಬೆರೆಯಬೇಕು.

ವಿದ್ಯುತ್ ಕಿಡಿಯಿಂದ ಲೋಹ ಬೆಸೆಯುವ ವಿದ್ಯೆ 1880ರ ದಶಕದಲ್ಲಿ ರಷ್ಯಾದ ಬೆನಾರ್ಡೋಸ್ ಮೊದಲಾದವರಿಂದ ಆರಂಭವಾಯಿತು. 20ನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಆಸ್ಕರ್ ಷೆಲ್‌ಬರ್ಗ್ ಲೇಪನವಿರುವ ಎಲೆಕ್ಟ್ರೋಡನ್ನು ತಂದರು. ಲೇಪನ ಸುಟ್ಟು ಹೊಮ್ಮುವ ಅನಿಲ ಹಾಗೂ ಕಿಟ್ಟ, ಕರಗಿದ ಲೋಹಕ್ಕೆ ಗಾಳಿ ತಗಲದಂತೆ ಮರೆಯಾಗಿ ನಿಲ್ಲುತ್ತವೆ. ಇಂದು ಐಟಿಐ ವಿದ್ಯಾರ್ಥಿ ಕೈಯಲ್ಲಿ ಹಿಡಿಯುವ ರಾಡು ಅದರ ಸಂತತಿಯೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ಟೆಕ್ಸಾಸಿನಿಂದ ಪೂರ್ವ ಕರಾವಳಿಗೆ 24 ಇಂಚಿನ ‘ಬಿಗ್ ಇಂಚ್’ ಕೊಳವೆ ಮಾರ್ಗವನ್ನು ಬೆಸುಗೆಯಿಂದಲೇ ಕಟ್ಟಿತು. ತೈಲಕ್ಕೆಂದು ಹಾಕಿದ ಅದನ್ನು ಯುದ್ಧಾನಂತರ ಅನಿಲ ಸಾಗಿಸಲು ಬಳಸಿದರು. ಸೌದಿ ಅರೇಬಿಯದಿಂದ ಲೆಬನಾನಿನ ಸಿಡಾನ್ ಬಂದರಿನವರೆಗೆ ಮರುಭೂಮಿಯ ಮೇಲೆ ಸಾಗುವ ‘ಟ್ಯಾಪ್‌ಲೈನ್’ ತೈಲ ಮಾರ್ಗದ ನಿರ್ಮಾಣ 1947ರಲ್ಲಿ ಆರಂಭವಾಗಿ 1950ರಲ್ಲಿ ಮುಗಿಯಿತು. ಕೊಲ್ಲಿ ದೇಶಗಳಲ್ಲಿ ವೆಲ್ಡರುಗಳಿಗೆ ಹುಟ್ಟಿಕೊಂಡ ಬೇಡಿಕೆಯ ಚರಿತ್ರೆಯಲ್ಲಿ ಇಂಥ ಮಾರ್ಗಗಳಿಗೂ ಪಾಲಿದೆ.

ಒಂದು ಶಾಲೆಯ ಕತೆ

ಬೆಸುಗೆ ಹಾಕುವ ವಿದ್ಯೆ ಬೆಳೆದಷ್ಟು ಬೇಗ ಪರೀಕ್ಷಿಸುವ ಶಿಸ್ತು ಬೆಳೆಯಲಿಲ್ಲ. ಅದನ್ನು ಕಲಿಸಿದ್ದು ದುರಂತಗಳು. ಶಿಕ್ಷಣ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ದುರಂತವನ್ನು ಹೇಳದೆ ಮುಂದೆ ಹೋಗುವಂತಿಲ್ಲ.

1937ರ ಮಾರ್ಚ್ 18. ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರು. ಸುತ್ತಲೂ ತೈಲ ಬಾವಿಗಳಿದ್ದ ಶ್ರೀಮಂತ ಪ್ರದೇಶ. ಊರಿನ ಶಾಲೆಯೂ ದೊಡ್ಡದು. ಆದರೆ ಖರ್ಚು ಉಳಿಸಲೆಂದು, ಹಣ ಕೊಟ್ಟು ಪಡೆಯುತ್ತಿದ್ದ ಅನಿಲವನ್ನು ನಿಲ್ಲಿಸಿ, ತೈಲ ಕಂಪನಿಯ ಉಳಿಕೆ ಅನಿಲದ ಕೊಳವೆಯಿಂದ ಶಾಲೆಗೆ ಸಂಪರ್ಕ ತೆಗೆದುಕೊಂಡಿದ್ದರು. ಆ ಜೋಡಣೆಯಲ್ಲಿ ದೋಷವಿತ್ತು. ಸೋರಿದ ಅನಿಲ ಕಟ್ಟಡದ ನೆಲದಡಿಯ ಖಾಲಿ ಜಾಗದಲ್ಲಿ ತುಂಬಿಕೊಂಡಿತು. ವಾಸನೆ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಕಾರ್ಯಾಗಾರದಲ್ಲಿ ಒಬ್ಬರು ವಿದ್ಯುತ್ ಯಂತ್ರದ ಸ್ವಿಚ್ಚು ಹಾಕಿದರು. ಕಟ್ಟಡವೇ ಎದ್ದು ಕುಸಿಯಿತು. ಸುಮಾರು 295 ಮಂದಿ ಮಕ್ಕಳು ಮತ್ತು ಶಿಕ್ಷಕರು ಸತ್ತರು.

ಅಡುಗೆ ಅನಿಲ ಸೋರಿದಾಗ ನಮ್ಮ ಮೂಗಿಗೆ ಬಡಿಯುವ ಕೊಳೆತ ವಾಸನೆ ಅನಿಲದ್ದಲ್ಲ, ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟಾನ್ ಎಂಬ ರಾಸಾಯನಿಕದ್ದು. ಅದನ್ನು ಬೆರೆಸುವುದನ್ನು ಟೆಕ್ಸಾಸಿನಲ್ಲಿ ಕಡ್ಡಾಯ ಮಾಡಿದ್ದು ಈ ದುರಂತದ ನಂತರ. ಎಂಜಿನಿಯರುಗಳು ಸರ್ಕಾರದಲ್ಲಿ ನೋಂದಣಿ ಮಾಡಿಸಿಕೊಂಡೇ ಕೆಲಸ ಮಾಡಬೇಕೆಂಬ ಕಾನೂನೂ ಅಲ್ಲಿ ಆಗಲೇ ಬಂತು. ನಮ್ಮ ಅಡುಗೆ ಮನೆಯ ಆ ಕೆಟ್ಟ ವಾಸನೆಯ ಹಿಂದೆ ಒಂದು ಶಾಲೆಯ ಮಕ್ಕಳ ಪ್ರಾಣವಿದೆ ಎಂಬುದನ್ನು ನಾವು ಮರೆಯಬಾರದು.

ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಊರಿಂದ ಊರಿಗೆ ಅನಿಲ ಸಾಗಿಸುವ ದೊಡ್ಡ ಮಾರ್ಗಗಳಲ್ಲಿ ಎಲ್ಲೆಡೆಯೂ ವಾಸನೆ ಬೆರೆಸಿರುವುದಿಲ್ಲ. ಹಲವು ಕಡೆ ನಗರಕ್ಕೆ ಹಂಚುವ ಹಂತದಲ್ಲಿ ಮಾತ್ರ ಬೆರೆಸುತ್ತಾರೆ. ಆದುದರಿಂದ ದೊಡ್ಡ ಮಾರ್ಗದ ಬಳಿ ಮೂಗನ್ನು ನಂಬಿ ಕೂರುವಂತಿಲ್ಲ. ಬೆಸುಗೆಯನ್ನೇ ನಂಬಬೇಕು.

ಉಕ್ಕಿನ ಒಳಗೆ ನೋಡುವ ಕಣ್ಣು

ಬೆಸುಗೆಯನ್ನು ನಂಬುವುದು ಹೇಗೆ? ಮೇಲಿನಿಂದ ನುಣುಪಾಗಿ ಕಾಣುವ ಬೆಸುಗೆಯ ಒಳಗೆ ಗಾಳಿಗುಳ್ಳೆಗಳಿರಬಹುದು, ಕಿಟ್ಟ ಸಿಕ್ಕಿರಬಹುದು, ಲೋಹ ಬುಡದವರೆಗೆ ಇಳಿಯದಿರಬಹುದು, ಕೂದಲೆಳೆಯ ಬಿರುಕಿರಬಹುದು. ಹಿಂದೆ ಮಾದರಿ ಬೆಸುಗೆಯನ್ನು ಕತ್ತರಿಸಿ, ಬಗ್ಗಿಸಿ, ಮುರಿದು ನೋಡುತ್ತಿದ್ದರು. ಮುರಿದದ್ದು ಹೇಗಿತ್ತು ಎಂದು ಗೊತ್ತಾಗುತ್ತಿತ್ತು, ಉಳಿದದ್ದು ಹೇಗಿದೆ ಎಂದು ಗೊತ್ತಾಗುತ್ತಿರಲಿಲ್ಲ.

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ವೈದ್ಯರು ಅದನ್ನು ಕೂಡಲೇ ಕೈಗೆತ್ತಿಕೊಂಡರು. 1922ರಲ್ಲಿ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಲೆಸ್ಟರ್ ಎಂಬ ವಿಜ್ಞಾನಿ ದಪ್ಪ ಲೋಹದ ಎರಕಗಳ ಒಳಗನ್ನು ಎಕ್ಸ್ ಕಿರಣದಿಂದ ನೋಡುವ ಪ್ರಯೋಗಾಲಯ ನಡೆಸಿದರು. ಮುಂದೆ ಪರಮಾಣು ರಿಯಾಕ್ಟರುಗಳು ಬಂದಾಗ ಇರಿಡಿಯಂ–192 ಎಂಬ ವಿಕಿರಣ ವಸ್ತು ಸುಲಭವಾಗಿ ದೊರೆಯಿತು. ವಿದ್ಯುತ್ತಿಲ್ಲದ ಕಾಡು ಮೇಡುಗಳಲ್ಲೂ ಒಂದು ಭಾರದ ಪೆಟ್ಟಿಗೆಯಲ್ಲಿ ಒಯ್ದು ಬೆಸುಗೆಯ ಚಿತ್ರ ತೆಗೆಯುವುದು ಸಾಧ್ಯವಾಯಿತು. ಅದರ ಬಲ ಸುಮಾರು 74 ದಿನಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬಲ ಅರ್ಧವಾದಾಗ ಅದೇ ಚಿತ್ರಕ್ಕೆ ಎರಡರಷ್ಟು ಹೊತ್ತು ಬೇಕು. ನಮ್ಮ ದೇಶದಲ್ಲಿ ಇಂಥ ವಿಕಿರಣ ವಸ್ತುಗಳ ತಯಾರಿಕೆಗೆ ಟ್ರಾಂಬೆಯ ರಿಯಾಕ್ಟರುಗಳು ನೆಲೆಯಾದವು. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅವುಗಳ ಬಳಕೆಯ ಮೇಲೆ ಕಣ್ಣಿಟ್ಟಿದೆ.

ಚಿತ್ರ ಓದುವ ತತ್ವ ಸರಳ. ಕಿರಣಗಳು ಲೋಹವನ್ನು ದಾಟಿ ಫಿಲ್ಮನ್ನು ಕಪ್ಪಾಗಿಸುತ್ತವೆ. ಲೋಹ ಕಡಿಮೆ ಇರುವ ಕಡೆ ಹೆಚ್ಚು ಕಿರಣ ದಾಟುತ್ತದೆ. ಆದ್ದರಿಂದ ಗಾಳಿಗುಳ್ಳೆ ಕಪ್ಪು ಚುಕ್ಕೆಯಾಗಿ, ಬುಡಕ್ಕೆ ಇಳಿಯದ ಬೆಸುಗೆ ನೇರ ಕಪ್ಪು ಗೆರೆಯಾಗಿ ಕಾಣುತ್ತದೆ. ಚಿತ್ರವೇ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಬೆಸುಗೆಗೆ ಅಡ್ಡಲಾಗಿ ತೆಳು ತಂತಿಗಳ ಒಂದು ಪಟ್ಟಿ ಇಟ್ಟಿರುತ್ತಾರೆ. ನಿಗದಿಯಾದ ತಂತಿ ಫಿಲ್ಮಿನಲ್ಲಿ ಕಾಣದಿದ್ದರೆ ಆ ಚಿತ್ರವನ್ನೇ ಒಪ್ಪುವುದಿಲ್ಲ. ಪರೀಕ್ಷೆಗೂ ಒಂದು ಪರೀಕ್ಷೆ ಇದು. ಕಿರಣದ ದಿಕ್ಕಿಗೆ ಓರೆಯಾಗಿರುವ ತೆಳು ಬಿರುಕು ಮಾತ್ರ ಕೆಲವೊಮ್ಮೆ ಫಿಲ್ಮಿನ ಕಣ್ಣು ತಪ್ಪಿಸುತ್ತದೆ. ಅದನ್ನು ಹಿಡಿಯಲು ಶ್ರವಣಾತೀತ ಶಬ್ದದ ಅಲೆಗಳನ್ನು ಲೋಹದೊಳಗೆ ಕಳುಹಿಸಿ ಪ್ರತಿಧ್ವನಿ ನೋಡುವ ವಿಧಾನವಿದೆ. ಈಗ ಹೊಸ ಮಾರ್ಗಗಳಲ್ಲಿ ಅದನ್ನು ಯಂತ್ರವೇ ಸುತ್ತು ಬಂದು ಮಾಡುವ ವ್ಯವಸ್ಥೆಯೂ ಬಂದಿದೆ.

1953ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ‘1104’ ಎಂಬ ಸಂಖ್ಯೆಯ ನಿಯಮಾವಳಿಯನ್ನು ಮೊದಲ ಬಾರಿ ಪ್ರಕಟಿಸಿತು. ಕೊಳವೆ ಮಾರ್ಗದ ಬೆಸುಗೆ ಹೇಗಿರಬೇಕು, ಯಾವ ದೋಷ ಎಷ್ಟರವರೆಗೆ ಕ್ಷಮ್ಯ, ಯಾವುದು ಅಲ್ಲ ಎಂಬುದನ್ನು ಅದು ಹೇಳುತ್ತದೆ. ಅನೇಕ ಬಾರಿ ಪರಿಷ್ಕರಣೆಗೊಂಡ ಅದು ಇಂದಿಗೂ ಕೊಲ್ಲಿಯಲ್ಲೂ ಭಾರತದಲ್ಲೂ ಈ ಕಸುಬಿನವರ ಕೈಪಿಡಿ.

ಕರ್ನಾಟಕಕ್ಕೆ ಬಂದ ಮಾರ್ಗಗಳು

ಭಾರತದಲ್ಲಿ ಇಂಥ ಮಾರ್ಗಗಳಿಗೆ ಅಡಿಗಲ್ಲಾದದ್ದು 1962ರ ಕಾಯ್ದೆ. ಇದರ ಪ್ರಕಾರ ರೈತನ ಭೂಮಿ ರೈತನದೇ, ಸಂಸ್ಥೆಗೆ ಸಿಗುವುದು ಅದರಡಿ ಕೊಳವೆ ಹಾಕುವ ಬಳಕೆಯ ಹಕ್ಕು ಮಾತ್ರ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಡಿಕೆ ತೋಟದ ನಮ್ಮ ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1984ರಲ್ಲಿ ಗೇಲ್ ಸಂಸ್ಥೆ ಹುಟ್ಟಿತು. 1986ರಲ್ಲಿ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ರಚನೆಯಾಯಿತು. 2006ರ ಕಾಯ್ದೆಯಿಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಬಂತು. 2009ರಲ್ಲಿ ಆ ಮಂಡಳಿ ಅನಿಲ ಮಾರ್ಗಗಳ ತಾಂತ್ರಿಕ ಮತ್ತು ಸುರಕ್ಷತಾ ನಿಯಮಗಳನ್ನು ಹೊರಡಿಸಿತು.

ಕರ್ನಾಟಕ ದೂರದ ಕೊಳವೆಗಳಿಗೆ ಹೊಸದೇನಲ್ಲ. ಕುದುರೆಮುಖದಿಂದ ಮಂಗಳೂರಿನ ಪಣಂಬೂರಿಗೆ ಘಟ್ಟ ಇಳಿದು ಅದಿರಿನ ರಾಡಿಯನ್ನು ಸಾಗಿಸಿದ ಸುಮಾರು 67 ಕಿ.ಮೀ. ಕೊಳವೆ 1980ರ ಹೊತ್ತಿಗೆ ಬಂದಿತ್ತು. ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಮಾರ್ಗ 2003ರಲ್ಲಿ ಆರಂಭವಾಯಿತು. ಮಹಾರಾಷ್ಟ್ರದ ದಾಭೋಲಿನಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಸೀಮೆಯಲ್ಲಿ ಹಾದು ಬೆಂಗಳೂರಿಗೆ ಬರುವ ಸುಮಾರು 1000 ಕಿ.ಮೀ. ಅನಿಲ ಮಾರ್ಗ 2013ರಲ್ಲಿ ಚಾಲನೆಗೊಂಡಿತು. ನೈಸರ್ಗಿಕ ಅನಿಲ ದೊಡ್ಡ ಪ್ರಮಾಣದಲ್ಲಿ ಕರ್ನಾಟಕಕ್ಕೆ ಬಂದದ್ದು ಇದರಿಂದಲೇ.

ಕೊಚ್ಚಿಯಿಂದ ಕಣ್ಣೂರು, ಕಾಸರಗೋಡು ದಾಟಿ ಮಂಗಳೂರಿಗೆ ಬರುವ 450 ಕಿ.ಮೀ. ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಆ ಮಾರ್ಗಕ್ಕೆ ಜನರ ವಿರೋಧ ಕಡಿಮೆ ಇರಲಿಲ್ಲ. 2017ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂ ಬಳಿ ಜನ ಬೀದಿಗಿಳಿದಿದ್ದರು. ಭೂಮಿಯ ಬೆಲೆಯ ಪ್ರಶ್ನೆಯ ಜೊತೆಗೆ ಮನೆಗಳ ಸಮೀಪ ಅನಿಲ ಹರಿಯುವ ಭಯವೂ ಅದರ ಹಿಂದಿತ್ತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ತಳದಡಿ ರಂಧ್ರ ಕೊರೆದು ಕೊಳವೆ ಎಳೆಯುವುದು ಕೊನೆಯ ದೊಡ್ಡ ತೊಡಕಾಗಿತ್ತು. ಹೊಳೆಯಡಿ ಎಳೆದ ಕೊಳವೆಯ ಬೆಸುಗೆಯನ್ನು ಮತ್ತೆ ಅಗೆದು ನೋಡುವುದು ಆಗದ ಮಾತು. ಎಳೆಯುವ ಮೊದಲೇ ಎಲ್ಲ ಪರೀಕ್ಷೆಯೂ ಮುಗಿದಿರಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಕೊಳವೆಯ ಉದ್ದ ಸುಮಾರು 12 ಮೀಟರು. ಆದ್ದರಿಂದ ಒಂದು ಕಿಲೋಮೀಟರಿಗೆ 80ಕ್ಕೂ ಹೆಚ್ಚು ಬೆಸುಗೆ. 450 ಕಿಲೋಮೀಟರಿಗೆ ಸುಮಾರು 37,500. ಸಾವಿರ ಕಿಲೋಮೀಟರಿಗೆ 80 ಸಾವಿರದ ಮೇಲೆ. ಇವುಗಳಲ್ಲಿ ಒಂದೇ ಒಂದು ಕೆಟ್ಟರೆ ಉಳಿದ ಸಾವಿರಾರು ಒಳ್ಳೆಯ ಬೆಸುಗೆಗಳು ಆ ಒಂದರ ಪಕ್ಕದ ಮನೆಯನ್ನು ಕಾಯಲಾರವು. ಪರೀಕ್ಷೆಯಲ್ಲಿ ನೂರಕ್ಕೆ 99 ಅಂಕ ಬಂದರೆ ನಾವು ಸಿಹಿ ಹಂಚುತ್ತೇವೆ. ಈ ಕೆಲಸದಲ್ಲಿ 99 ಅಂಕ ತೇರ್ಗಡೆಯಲ್ಲ.

ಒಂದು ಜಾಯಿಂಟಿನ ದಿನಚರಿ

ತಪಾಸಣೆ ಎಂದರೆ ಕೊನೆಯಲ್ಲಿ ಬಂದು ಫೋಟೋ ತೆಗೆಯುವುದಲ್ಲ. ಅದು ಬೆಸುಗೆಗೆ ಮೊದಲೇ ಆರಂಭವಾಗುತ್ತದೆ. ಯಾವ ಉಕ್ಕಿಗೆ ಯಾವ ರಾಡು, ಎಷ್ಟು ವಿದ್ಯುತ್ತು, ಎಷ್ಟು ಬಿಸಿ ಎಂಬ ವಿಧಾನವನ್ನು ಬರೆದು, ಆ ವಿಧಾನದಂತೆ ಮಾದರಿ ಬೆಸೆದು, ಮುರಿದು ಪರೀಕ್ಷಿಸಿ ಒಪ್ಪಿಗೆ ಪಡೆಯಬೇಕು. ಆಮೇಲೆ ಪ್ರತಿಯೊಬ್ಬ ವೆಲ್ಡರನೂ ಪರೀಕ್ಷೆ ಕೊಡಬೇಕು. ಎಷ್ಟು ವರ್ಷದ ಅನುಭವಿಯಾದರೂ ವಿನಾಯಿತಿ ಇಲ್ಲ. ತೇರ್ಗಡೆಯಾದವನಿಗೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಅವನು ಹಾಕಿದ ಪ್ರತಿ ಬೆಸುಗೆಯ ಪಕ್ಕ ಆ ಸಂಖ್ಯೆ ಬರೆಯುತ್ತಾರೆ.

ಸ್ಥಳದಲ್ಲಿ ಮೊದಲ ಕೆಲಸ ಕೊಳವೆಯ ತುದಿಗಳನ್ನು ಶುಚಿ ಮಾಡಿ, ಎದುರುಬದುರು ಸರಿಯಾಗಿ ಕೂರಿಸುವುದು. ಒಂದರ ಅಂಚು ಇನ್ನೊಂದಕ್ಕಿಂತ ಮೇಲೆ ಕೆಳಗೆ ಆದರೆ ಬೆಸುಗೆ ದುರ್ಬಲವಾಗುತ್ತದೆ. ನಂತರ ತುದಿಗಳನ್ನು ಬಿಸಿ ಮಾಡುತ್ತಾರೆ. ನಮ್ಮ ಮಲೆನಾಡಿನಂಥ ತೇವದ ಸೀಮೆಯಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ತೇವದಿಂದ ಬರುವ ಹೈಡ್ರೋಜನ್ ಬಿಸಿ ಲೋಹದೊಳಗೆ ಸೇರಿ, ಬೆಸುಗೆ ತಣಿದ ಮೇಲೆ, ಕೆಲವೊಮ್ಮೆ ಹಲವು ಗಂಟೆಗಳ ನಂತರ, ಬಿರುಕು ಹುಟ್ಟಿಸುತ್ತದೆ. ಸಂಜೆ ಚೆನ್ನಾಗಿದ್ದ ಬೆಸುಗೆ ಬೆಳಿಗ್ಗೆ ಬಿರುಕು ಬಿಟ್ಟಿರಬಹುದು. ಕಡಿಮೆ ಹೈಡ್ರೋಜನ್ ಜಾತಿಯ ರಾಡುಗಳನ್ನು ಒಲೆಯಲ್ಲಿ ಒಣಗಿಸಿ ಬಿಸಿ ಡಬ್ಬಿಯಲ್ಲೇ ಇಟ್ಟುಕೊಳ್ಳುವುದು ಇದಕ್ಕಾಗಿ.

ಬುಡದ ಬೆಸುಗೆ, ಅದರ ಮೇಲೆ ಬಿಸಿ ಆರುವ ಮೊದಲೇ ಎರಡನೆಯ ಸುತ್ತು, ನಂತರ ತುಂಬುವ ಸುತ್ತುಗಳು, ಕೊನೆಗೆ ಮೇಲ್ಮುಚ್ಚಳದ ಸುತ್ತು. ಪ್ರತಿ ಸುತ್ತಿನ ನಡುವೆ ಕಿಟ್ಟವನ್ನು ಉಜ್ಜಿ ತೆಗೆಯಬೇಕು. ಮುಗಿದ ಮೇಲೆ ಕಣ್ಣಿನ ತಪಾಸಣೆ. ಆಮೇಲೆ ವಿಕಿರಣ ಚಿತ್ರ ಅಥವಾ ಶಬ್ದದ ಅಲೆಯ ಪರೀಕ್ಷೆ. ದೋಷ ಸಣ್ಣದಾದರೆ ಅಷ್ಟನ್ನು ಕೆತ್ತಿ ತೆಗೆದು ಮತ್ತೆ ಬೆಸೆದು ಮತ್ತೆ ಪರೀಕ್ಷಿಸುತ್ತಾರೆ. ಬಿರುಕಾದರೆ ಸಾಮಾನ್ಯವಾಗಿ ಆ ಜಾಯಿಂಟನ್ನೇ ಕತ್ತರಿಸಿ ಎಸೆಯುತ್ತಾರೆ. ಅದಾದ ಮೇಲೆ ತುಕ್ಕು ಹಿಡಿಯದಂತೆ ಹೊದಿಕೆ. ಆ ಹೊದಿಕೆಯಲ್ಲಿ ಸೂಜಿಮೊನೆಯ ತೂತಿದ್ದರೂ ಕಿಡಿ ಹಾರಿಸಿ ತೋರಿಸುವ ಉಪಕರಣದಿಂದ ಅದನ್ನೂ ನೋಡುತ್ತಾರೆ. ಆಮೇಲಷ್ಟೇ ಗುಂಡಿಗೆ ಇಳಿಸುವುದು.

ಕೊನೆಯದು ನೀರಿನ ಪರೀಕ್ಷೆ. ಮಾರ್ಗದ ಒಂದು ಭಾಗವನ್ನು ನೀರಿನಿಂದ ತುಂಬಿ, ಮುಂದೆ ಅನಿಲ ಹರಿಯಲಿರುವ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು, ಸಾಮಾನ್ಯವಾಗಿ 24 ಗಂಟೆ ಹಿಡಿದು ನೋಡುತ್ತಾರೆ. ಜನವಸತಿ ಹೆಚ್ಚಿದಷ್ಟೂ ನಿಯಮ ಬಿಗಿ. ನೀರನ್ನೇ ಬಳಸುವುದೇಕೆಂದರೆ, ನೀರು ಅನಿಲದಂತೆ ಅದುಮಿಕೊಳ್ಳುವುದಿಲ್ಲ. ಕೊಳವೆ ಒಡೆದರೂ ಒತ್ತಡ ಕೂಡಲೇ ಇಳಿದು ಸ್ಫೋಟ ತಪ್ಪುತ್ತದೆ. ಪರೀಕ್ಷೆಯಾದ ಎರಡು ಭಾಗಗಳನ್ನು ಕೂಡಿಸುವ ಕೊನೆಯ ಬೆಸುಗೆಗೆ ಮಾತ್ರ ನೀರಿನ ಪರೀಕ್ಷೆ ಸಾಧ್ಯವಿಲ್ಲ. ಕಸುಬಿನವರು ಅದನ್ನು ‘ಗೋಲ್ಡನ್ ಜಾಯಿಂಟ್’ ಎನ್ನುತ್ತಾರೆ. ಅದಕ್ಕೆ ಇತರ ಪರೀಕ್ಷೆಗಳು ದುಪ್ಪಟ್ಟು ಎಚ್ಚರಿಕೆಯಿಂದ ನಡೆಯುತ್ತವೆ.

ತಪಾಸಣೆ ಮಾಡುವವನ ಸುರಕ್ಷತೆಯೂ ಇಲ್ಲಿ ಮುಖ್ಯ. ವಿಕಿರಣ ಕಣ್ಣಿಗೆ ಕಾಣದು, ಮೈಗೆ ತಾಗಿದ್ದು ತಿಳಿಯದು. ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರೇ ಆ ಪೆಟ್ಟಿಗೆ ಮುಟ್ಟಬೇಕು. ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜು, ಕೈಯಲ್ಲಿ ಮೀಟರು, ಸುತ್ತ ಹಗ್ಗದ ಬೇಲಿ ಇರಬೇಕು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ ಹಳೆಯ ಪ್ರಯೋಗಾಲಯದ ಉಪಕರಣವೊಂದರ ಕೋಬಾಲ್ಟ್ ಸೇರಿ, ಬಿಡಿಸಿದವರು ಕಾಯಿಲೆ ಬಿದ್ದು ಒಬ್ಬರು ಸತ್ತರು. ಕೆಲಸದ ಜಾಗದಲ್ಲಿ ಮೂರು ರೆಕ್ಕೆಯ ವಿಕಿರಣ ಚಿಹ್ನೆ ಕಂಡರೆ ದೂರ ನಿಲ್ಲಬೇಕೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಕಾಗದ ಸುಳ್ಳಾಡಿದಾಗ

ಇಷ್ಟೆಲ್ಲ ವಿದ್ಯೆ ಬೆಳೆದ ಮೇಲೂ ಅಪಘಾತಗಳೇಕೆ? 2010ರ ಸೆಪ್ಟೆಂಬರ್ 9ರ ಸಂಜೆ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋ ಪಟ್ಟಣದಲ್ಲಿ 30 ಇಂಚಿನ ಅನಿಲ ಮಾರ್ಗ ಸಿಡಿಯಿತು. 8 ಮಂದಿ ಸತ್ತರು, 38 ಮನೆಗಳು ನಾಶವಾದವು. ಅನಿಲ ನಿಲ್ಲಿಸಲು 95 ನಿಮಿಷ ಬೇಕಾಯಿತು. ತನಿಖೆಯಲ್ಲಿ ಹೊರಬಂದ ಸಂಗತಿ ಇದು: 1956ರಲ್ಲಿ ಅಲ್ಲಿ ಗಿಡ್ಡ ಕೊಳವೆ ತುಂಡುಗಳನ್ನು ಜೋಡಿಸಿದ್ದರು. ಅವುಗಳ ಉದ್ದನೆಯ ಬೆಸುಗೆ ಲೋಹದ ಪೂರ್ತಿ ದಪ್ಪಕ್ಕೆ ಇಳಿದಿರಲಿಲ್ಲ. ಕಂಪನಿಯ ದಾಖಲೆಯಲ್ಲಿ ಮಾತ್ರ ಅದು ಬೆಸುಗೆಯೇ ಇಲ್ಲದ ಅಖಂಡ ಕೊಳವೆ ಎಂದು ಬರೆದಿತ್ತು! ಇಲ್ಲದ ಬೆಸುಗೆಯನ್ನು ಯಾರು ತಾನೆ ಪರೀಕ್ಷಿಸುತ್ತಾರೆ? 54 ವರ್ಷ ಆ ದೋಷ ಮಣ್ಣಿನಡಿ ಕಾಯುತ್ತಿತ್ತು. 2016ರಲ್ಲಿ ಆ ಕಂಪನಿ ಸುರಕ್ಷತಾ ಕಾನೂನು ಮುರಿದ ಹಾಗೂ ತನಿಖೆಗೆ ಅಡ್ಡಿಪಡಿಸಿದ ಅಪರಾಧಕ್ಕೆ ನ್ಯಾಯಾಲಯದಲ್ಲಿ ತಪ್ಪಿತಸ್ಥ ಎನಿಸಿತು.

ನಮ್ಮಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಗೋದಾವರಿ ಸೀಮೆಯ ನಗರಂ ಹಳ್ಳಿಯಲ್ಲಿ ಗೇಲ್ ಸಂಸ್ಥೆಯ ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ತೇವದ ಅನಿಲ ಹರಿದು ಒಳಗಿನಿಂದ ತುಕ್ಕು ತಿಂದಿತ್ತು. ಅಲ್ಲಿ ತಪ್ಪಿದ್ದು ನಿರ್ಮಾಣದ ದಿನದ ಬೆಸುಗೆಯಲ್ಲ, ಆಮೇಲಿನ ನಿಗಾ. ಕೊಳವೆ ಹಾಕಿದ ದಿನದ ಪ್ರಾಮಾಣಿಕತೆ ಎಷ್ಟು ಮುಖ್ಯವೋ, ನಂತರದ ಪ್ರತಿ ವರ್ಷದ ಪ್ರಾಮಾಣಿಕತೆಯೂ ಅಷ್ಟೇ ಮುಖ್ಯ.

ಎರಡೂ ಘಟನೆಗಳು ಹೇಳುವುದು ಒಂದೇ ಮಾತನ್ನು. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಕಂಡದ್ದನ್ನು ಕಾಗದದ ಮೇಲೆ ಬರೆದು ಸಹಿ ಹಾಕುವವನು ಮನುಷ್ಯ. ಒಂದೇ ಒಳ್ಳೆಯ ಜಾಯಿಂಟಿನ ಚಿತ್ರ ತೆಗೆದು ಹತ್ತು ಜಾಯಿಂಟಿನ ಹೆಸರು ಬರೆದರೆ ಆ ಕ್ಷಣಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಕೆಲಸ ತಡವಾಗುತ್ತಿದೆ ಎಂಬ ಒತ್ತಡ, ಮೇಲಿನವರ ಗದರಿಕೆ, ದಿನಗೂಲಿಯ ಚಿಂತೆ ಇವೆಲ್ಲ ಸಹಿ ಹಾಕುವ ಕೈಯನ್ನು ಎಳೆಯುತ್ತವೆ. ಆ ಕೈ ಅಲುಗದೆ ನಿಂತರೆ ಮಾತ್ರ ಕೊಳವೆಯ ಮೇಲಿನ ಊರು ನಿಶ್ಚಿಂತೆಯಿಂದ ಮಲಗೀತು. ಸುಳ್ಳು ಸಾಕ್ಷಿ ಹೇಳುವುದು ಎಲ್ಲ ಧರ್ಮಗಳಲ್ಲೂ ದೊಡ್ಡ ಪಾಪ. ಬೆಸುಗೆಯ ತಪಾಸಣಾ ವರದಿಯೂ ಒಂದು ಸಾಕ್ಷಿಯೇ.

ನಮ್ಮ ವಿದ್ಯಾರ್ಥಿಗಳಿಗೆ

ಶಿರಾಳಕೊಪ್ಪ, ಶಿಕಾರಿಪುರ, ಸೊರಬ, ಆನವಟ್ಟಿಯ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಯುವಕರು ಇದ್ದಾರೆ. ಕೈಕಸುಬು ಕಲಿತು ಹೋದವನಿಗೂ ಕಲಿಯದೆ ಹೋದವನಿಗೂ ಅಲ್ಲಿ ಅಜಗಜಾಂತರ ವ್ಯತ್ಯಾಸ. ವೆಲ್ಡಿಂಗ್ ಕಲಿತವನು ಅಲ್ಲಿಗೇ ನಿಲ್ಲಬೇಕಾಗಿಲ್ಲ. ಲೋಹದ ಗುಣ, ಫಿಲ್ಮ್ ಓದುವ ಬಗೆ, ಶಬ್ದದ ಅಲೆಯ ಪರೀಕ್ಷೆ, ನಿಯಮಾವಳಿಯ ಇಂಗ್ಲಿಷ್ ಇವನ್ನು ಕಲಿತು ಹಂತ ಹಂತವಾಗಿ ಪ್ರಮಾಣಪತ್ರ ಪಡೆದರೆ ತಪಾಸಣೆಯ ಕೆಲಸಕ್ಕೆ ಏರಬಹುದು. ಇದಕ್ಕೆ ಭೌತಶಾಸ್ತ್ರ, ಗಣಿತಗಳ ಬುನಾದಿ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ "ಈ ಬೆಳಕಿನ ಪಾಠ, ಶಬ್ದದ ಪಾಠ ನಮಗೆ ಯಾತಕ್ಕೆ?" ಎಂದು ಕೇಳುವ ವಿದ್ಯಾರ್ಥಿಗೆ ಇಲ್ಲಿ ಉತ್ತರವಿದೆ. ಹೆಣ್ಣುಮಕ್ಕಳಿಗೂ ಪ್ರಯೋಗಾಲಯದಲ್ಲಿ, ಫಿಲ್ಮ್ ಹಾಗೂ ದತ್ತಾಂಶ ಓದುವ ಕೆಲಸದಲ್ಲಿ, ಎಂಜಿನಿಯರಿಂಗ್ ವಿನ್ಯಾಸದಲ್ಲಿ ಅವಕಾಶಗಳಿವೆ.

ಮನೆಮನೆಗೆ ಅನಿಲ ಹಂಚುವ ನಗರ ಅನಿಲ ವಿತರಣೆಯ ವ್ಯಾಪ್ತಿಗೆ ಶಿವಮೊಗ್ಗ ಜಿಲ್ಲೆಯೂ ಸೇರಿದೆ. ಆ ಕೊಳವೆ ನಮ್ಮ ಬೀದಿಗೆ ಬಂದಾಗ ನಾವು ಬರೀ ನೋಡುತ್ತಾ ನಿಲ್ಲುವವರಾಗದೆ ತಿಳಿದು ಕೇಳುವವರಾಗಬೇಕು. ಜಾಯಿಂಟಿಗೆ ಸಂಖ್ಯೆ ಬರೆದಿದೆಯೇ? ಪರೀಕ್ಷೆಯಾಗಿದೆಯೇ? ಎಚ್ಚರಿಕೆಯ ಫಲಕ ಎಲ್ಲಿ? ಅಪಾಯವಾದರೆ ಯಾವ ನಂಬರಿಗೆ ಫೋನು ಮಾಡಬೇಕು? ಈ ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳುವುದು ಪ್ರಜೆಯ ಹಕ್ಕು. ಜೆಸಿಬಿ ತರಿಸಿ ನೆಲ ಅಗೆಯುವ ಮೊದಲು ಅಡಿಯಲ್ಲಿ ಏನಿದೆ ಎಂದು ವಿಚಾರಿಸುವುದು ನಮ್ಮ ಕರ್ತವ್ಯ.

ರಸ್ತೆ ಬದಿಯಲ್ಲಿ ನಿಂತವರು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಣ್ಣು ಮುಚ್ಚಿದ ಮೇಲೆ ಒಳಗೆ ಹೇಗಿದೆ ಎಂಬುದು, ಮುಚ್ಚುವ ಮೊದಲು ಅದನ್ನು ನೋಡಿ ಸಹಿ ಹಾಕಿದವನಿಗೆ ಗೊತ್ತು. ಆ ಒಬ್ಬನಿಗೆ ವಿದ್ಯೆಯೂ ಇರಬೇಕು, ಸತ್ಯವೂ ಇರಬೇಕು. ವಿದ್ಯೆಯನ್ನು ಕಾಲೇಜು ಕಲಿಸುತ್ತದೆ. ಸತ್ಯವನ್ನು ಮನೆಯಿಂದಲೇ ತರಬೇಕು. ಅಂಥ ನಾಲ್ಕು ಮಂದಿ ನಮ್ಮ ಈ ಎರಡು ತಾಲ್ಲೂಕುಗಳಿಂದ ಹೊರಟರೆ, ಅವರು ಸಹಿ ಹಾಕಿದ ಕೊಳವೆ ಕಾಸರಗೋಡಿನಲ್ಲಿರಲಿ, ದಮ್ಮಾಮಿನಲ್ಲಿರಲಿ, ಅದರ ಮೇಲಿನ ನೆಲದಲ್ಲಿ ಆಡುವ ಮಕ್ಕಳಿಗೆ ನಮ್ಮ ಊರಿನ ಋಣ ಸಂದಂತಾಗುತ್ತದೆ.